ಇನ್ವರ್ಡ್ ನಂಬರ್ ಇಲ್ಲದ ಹೋರಾಟ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನಾನು ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮುಂದೆ ನಿಂತಿದ್ದೆ. ಐದನೇ ಸಲ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರಲ್ಲಿ ಹಾಲ್ ಟಿಕೆಟ್, ಚಲನ್, ಅರ್ಜಿ, ಅರ್ಜಿಯ ಜೆರಾಕ್ಸು, ಆ ಜೆರಾಕ್ಸಿಗೊಂದು ಜೆರಾಕ್ಸು. ಬಾಗಿಲಿಗೆ ಬೀಗ. ಯಾಕೆ ಅಂತ ಕೇಳಿದರೆ ಗೇಟಿನಲ್ಲಿ ಪ್ರತಿಭಟನೆಯಂತೆ. ಏನು ಬೇಡಿಕೆ ಅಂತ ಕೇಳಿದರೆ, ಅಂಕಪಟ್ಟಿಯ ತಪ್ಪುಗಳನ್ನು ಕೂಡಲೇ ಸರಿ ಮಾಡಬೇಕಂತೆ!

ನನ್ನ ಅಂಕಪಟ್ಟಿ ಸರಿಯಾಗಲಿ ಅಂತ ಕೂಗುತ್ತಿದ್ದವರ ದೆಸೆಯಿಂದಲೇ ನನ್ನ ಅಂಕಪಟ್ಟಿಯ ಅರ್ಜಿ ಒಳಗೆ ಹೋಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನನ್ನ ಕತೆ ಇಷ್ಟು. ಎಂ.ಎ. ಅರ್ಥಶಾಸ್ತ್ರ, ಮೂರನೇ ಸೆಮಿಸ್ಟರ್, ಸಾರ್ವಜನಿಕ ಹಣಕಾಸು ಪತ್ರಿಕೆ. ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ‘ಆಬ್ಸೆಂಟ್’ ಅಂತ ಬಂದಿದೆ. ನಾನು ಮೂರು ತಾಸು ಕೂತು ಬರೆದಿದ್ದೇನೆ. ಹಾಲ್ ಟಿಕೆಟ್ ಮೇಲೆ ಮೇಲ್ವಿಚಾರಕರ ಸಹಿ ಇದೆ. ಹಿಂದಿನ ಬೆಂಚಿನ ಹುಡುಗ ಅವತ್ತು ಪೆನ್ನು ಕೇಳಿದ್ದ, ಕೊಟ್ಟಿದ್ದೆ, ಇವತ್ತಿಗೂ ವಾಪಸ್ ಕೊಟ್ಟಿಲ್ಲ. ಅವನಿಗೆ 61 ಅಂಕ. ನನ್ನ ಪೆನ್ನು ಪಾಸಾಗಿದೆ, ನಾನು ಮಾತ್ರ ಪರೀಕ್ಷೆಗೇ ಬಂದಿಲ್ಲ.

ಮೊದಲ ಸಲ ಹೋದಾಗ "ಪೋರ್ಟಲ್ ಪ್ರಾಬ್ಲಂ ಐತ್ರಿ, ತಾನ ಸರಿ ಆಗ್ತೈತಿ" ಅಂದರು. ತಾನೇ ಸರಿ ಆಗಲಿಲ್ಲ. ಎರಡನೇ ಸಲ ವಿಭಾಗದ ಮುಖ್ಯಸ್ಥರ ಪತ್ರ ತರಬೇಕು ಅಂದರು. ತಂದುಕೊಟ್ಟೆ. ಮೂರನೇ ಸಲ ಅವತ್ತಿನ ಹಾಜರಿ ಹಾಳೆಯ ಪ್ರತಿ ಬೇಕು ಅಂದರು. ಅದು ಇರುವುದೇ ಅವರ ಹತ್ತಿರ! ಅವರ ಹಾಳೆಯನ್ನು ಅವರಿಂದ ಇಸಿದುಕೊಂಡು ಅವರಿಗೇ ಕೊಡೋದಕ್ಕೆ ಒಂದು ವಾರ. ನಾಲ್ಕನೇ ಸಲ "ಸಾಹೇಬ್ರು ಅಧಿವೇಶನದ ಕೆಲಸದ ಮ್ಯಾಲ ಹೋಗ್ಯಾರ". ಇಷ್ಟರ ನಡುವೆ ನನ್ನ ವಿದ್ಯಾರ್ಥಿವೇತನ ನಿಂತಿದೆ. ಒಂದು ವಿಷಯ ಬಾಕಿ ಅಂತ ತೋರಿಸುತ್ತಿದೆಯಲ್ಲ, ಮುಂದಿನ ಕಂತು ಬರಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಈಗ ಪ್ರತಿಭಟನೆಗೆ ಬರೋಣ. ಸುಮ್ನೆ ಕೂತು ಪೂರ್ತಿ ನೋಡಿದೆ, ಬೇರೆ ಕೆಲಸವಾದರೂ ಏನಿತ್ತು? ಹಲಗಿ ಬಾರಿಸಿದರು. "ಬೇಕೇ ಬೇಕು, ನ್ಯಾಯ ಬೇಕು" ಆಯಿತು. "ಏನೇ ಬರಲಿ, ಒಗ್ಗಟ್ಟಿರಲಿ" ಆಯಿತು. (ಯಾವ ಪಕ್ಷ, ಯಾವ ಸಂಘಟನೆ ಇರಲಿ, ಶಾಲಿನ ಬಣ್ಣ ಯಾವುದೇ ಇರಲಿ, ಘೋಷಣೆ ಅದೇ, ರಾಗವೂ ಅದೇ. ಈ ರಾಗ ಮೊದಲು ಯಾರು ಕಟ್ಟಿದರೋ ಅಂತ ನನಗೆ ಯಾವಾಗಲೂ ಕುತೂಹಲ.) ಮುಂದೆ ನಿಂತ ನಾಯಕರು ಬಿಳಿ ಶರ್ಟು ಹಾಕಿದ್ದರು. ಅವರು ವಿದ್ಯಾರ್ಥಿ ನಾಯಕರು ಹೌದು, ಆದರೆ ವಿದ್ಯಾರ್ಥಿ ಆಗಿದ್ದು ಯಾವ ಕಾಲಕ್ಕೋ. ಕೊನೆಗೆ ಅಧಿಕಾರಿಯೊಬ್ಬರು ಹೊರಗೆ ಬಂದರು. ಮನವಿ ಪತ್ರ ಕೊಟ್ಟರು. ಫೋಟೋ ಸರಿ ಬರಲಿಲ್ಲ ಅಂತ ವಾಪಸ್ ಇಸಿದುಕೊಂಡು ಇನ್ನೊಮ್ಮೆ ಕೊಟ್ಟರು. ಹಿಂದೆ ನಿಂತವರ ಮುಖ ಕಾಣಲಿಲ್ಲ ಅಂತ ಮೂರನೇ ಸಲ ಕೊಟ್ಟರು. ಆ ಅಧಿಕಾರಿ ಪಾಪ, ಮೂರೂ ಸಲ ಒಂದೇ ಥರ ನಕ್ಕರು. ಒಂದು ಗಂಟೆಗೆ ಎಲ್ಲ ಮುಗಿದು ಅರ್ಧ ಜನ ವಡಾಪಾವ್ ಗಾಡಿಯ ಹತ್ತಿರ ಇದ್ದರು.

ನಾನು ಹೋಗಿ ಮನವಿಯ ಪ್ರತಿ ತೋರಿಸಿ ಅಂತ ಕೇಳಿದೆ. ತೋರಿಸಿದರು. ‘ಇವರಿಗೆ, ಮಾನ್ಯ ಕುಲಸಚಿವರು (ಮೌಲ್ಯಮಾಪನ)’, ‘ವಿಷಯ: ಅಂಕಪಟ್ಟಿಯಲ್ಲಿನ ಲೋಪದೋಷಗಳನ್ನು ಸರಿಪಡಿಸುವ ಕುರಿತು’. ಒಂದೂವರೆ ಪುಟ. ಭವ್ಯ ಭವಿಷ್ಯ ಇದೆ, ಚೆಲ್ಲಾಟ ಇದೆ, ಉಗ್ರ ಹೋರಾಟದ ಎಚ್ಚರಿಕೆ ಇದೆ. ಯಾರ ಅಂಕಪಟ್ಟಿ, ಯಾವ ವಿಷಯ, ಎಷ್ಟು ಜನ, ಒಂದೂ ಇಲ್ಲ. ಒಬ್ಬರದೂ ರಿಜಿಸ್ಟರ್ ನಂಬರ್ ಇಲ್ಲ.

"ಅಣ್ಣಾ, ನಮ್ಮ ನಂಬರ್ ಒಂದ್ ಪಟ್ಟಿ ಮಾಡಿ ಹಚ್ಚಬಹುದಿತ್ತಲ್ಲ?" ಅಂದೆ.

"ತಂಗಿ, ಇದು ಎಲ್ಲಾರ ಹೋರಾಟ ಐತಿ. ಒಬ್ಬರ ಸಲುವಾಗಿ ಅಲ್ಲ."

ಎಲ್ಲರ ಸಲುವಾಗಿ ಅಂದರೆ ಯಾರ ಸಲುವಾಗಿಯೂ ಅಲ್ಲ ಅಂತ ನನಗೆ ಅವತ್ತು ಗೊತ್ತಾಯಿತು. ಮಧ್ಯಾಹ್ನ ಬೀಗ ತೆಗೆದರಾದರೂ ಕೌಂಟರ್ ತೆಗೆಯಲಿಲ್ಲ. "ಇವತ್ತ ಪ್ರತಿಭಟನೆ ಇತ್ತಲ್ರಿ, ಸೋಮವಾರ ಬರ್ರಿ." ನಾಳೆ? "ನಾಳೆ ಎರಡನೇ ಶನಿವಾರ."

ಅಲ್ಲಿನ ಅಟೆಂಡರ್ ಕಾಕಾ ಒಬ್ಬರು ನನ್ನ ಮುಖ ನೋಡಿ ಕನಿಕರಪಟ್ಟು ಕರೆದರು. ಕೂರಿಸಿ ಚಹಾ ಕೊಟ್ಟರು. ಅವರು ಹೇಳಿದ್ದು ಈ ಇಡೀ ವಾರದಲ್ಲಿ ನಾನು ಕೇಳಿದ ಒಂದೇ ಒಂದು ಕೆಲಸದ ಮಾತು. "ನೋಡವಾ, ಮನವಿ ಕೊಟ್ಟವರು ಬಾಳ ಮಂದಿ. ಇನ್ವರ್ಡ್ ನಂಬರ್ ಇಸ್ಕೊಂಡವರು ಒಬ್ಬರೂ ಇಲ್ಲ." ಕಾಗದವನ್ನು ಸಾಹೇಬರ ಕೈಗೆ ಕೊಟ್ಟರೆ ಅದು ಬರೀ ಕಾಗದ. ಅದನ್ನೇ ಟಪಾಲು ವಿಭಾಗಕ್ಕೆ ಕೊಟ್ಟರೆ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ನಂಬರ್ ಬೀಳುತ್ತದೆ, ತಾರೀಖು ಬೀಳುತ್ತದೆ, ಯಾರ ಟೇಬಲ್ಲಿಗೆ ಹೋಯಿತು ಅಂತ ಬೀಳುತ್ತದೆ. ಆಮೇಲೆ ಯಾರೂ ‘ಬಂದಿಲ್ಲ’ ಅನ್ನುವ ಹಾಗಿಲ್ಲ. ನಮ್ಮ ಪ್ರತಿಯ ಮೇಲೆ ಒಂದು ಸೀಲು, ಅದರೊಳಗೆ ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ, ಅಷ್ಟೇ. ಅದಕ್ಕೆ ಹಲಗಿ ಬೇಡ, ಬಿಳಿ ಶರ್ಟು ಬೇಡ. ಐದು ನಿಮಿಷ ಸಾಕು.

ನನಗೆ ಪ್ರತಿಭಟನೆ ಅಂದರೆ ಅಲರ್ಜಿ ಅಂತ ತಿಳಿಯಬೇಡಿ. ನಾನು ಮೂಡಲಗಿ ಕಡೆಯವಳು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕೂತಿದ್ದು ನಿಮಗೆಲ್ಲ ನೆನಪಿರಬೇಕು. ರಾಜ್ಯೋತ್ಸವದ ರಜೆಗೆ ಊರಿಗೆ ಹೋದವಳು ಬಸ್ ಇಲ್ಲದೆ ನಡೆದುಕೊಂಡೇ ಅಲ್ಲಿಗೆ ಹೋಗಿದ್ದೆ. ಅಪ್ಪ ಅಲ್ಲೇ ಇದ್ದರು. ಹಳ್ಳಿಗಳಿಂದ ಬುಟ್ಟಿಗಟ್ಟಲೆ ರೊಟ್ಟಿ ಬರುತ್ತಿತ್ತು. ಚಳಿಗೆ ಕಂಬಳಿ ಹೊದ್ದು ರಸ್ತೆಯಲ್ಲೇ ಮಲಗುತ್ತಿದ್ದರು. ಸರ್ಕಾರದ ಕಡೆಯಿಂದ ಬರೀ ಭರವಸೆ ಹೊತ್ತು ಬಂದವರನ್ನು ಹಾಗೇ ವಾಪಸ್ ಕಳಿಸಿದರು. ಟನ್ನಿಗೆ 3,500 ರೂಪಾಯಿ ಕೇಳಿದ್ದರು, ವಾರ ದಾಟಿದ ಮೇಲೆ 3,300ಕ್ಕೆ ತೀರ್ಮಾನವಾಯಿತು. ಅಪ್ಪನಿಗೆ ಆ ಇನ್ನೂರರ ಬಗ್ಗೆ ಈಗಲೂ ಸಿಟ್ಟಿದೆ. ಆದರೆ ನೋಡಿ, ಆ ಸಿಟ್ಟಿಗೂ ಒಂದು ಲೆಕ್ಕ ಇದೆ. ಎಷ್ಟು ಕೇಳಿದೆವು, ಎಷ್ಟು ಸಿಕ್ಕಿತು, ಎಷ್ಟು ಬಾಕಿ ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಗೇಟಿನ ಮುಂದೆ ಕೂಗಿದವರನ್ನು ಹೋಗಿ ಕೇಳಿ, ಹೋದ ಸಲದ ಮನವಿಗೆ ಏನಾಯಿತು ಅಂತ. ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ.

ಈ ರೋಗ ಕ್ಯಾಂಪಸ್ಸಿಗೆ ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಡಿಸೆಂಬರ್ ಬಂತು ಅಂದರೆ ನಮ್ಮ ಬೆಳಗಾವಿಗೆ ಅಧಿವೇಶನ ನಡೆಸಲು ಸರ್ಕಾರ ಬರುತ್ತದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತಲ್ಲ, ಅಲ್ಲಿಂದ ಹೆಚ್ಚೂಕಡಿಮೆ ಪ್ರತಿ ಚಳಿಗಾಲವೂ ಹೀಗೇ. ಎಂಟು ಹತ್ತು ದಿನ ಊರ ತುಂಬ ಗೂಟದ ಕಾರು, ಪೊಲೀಸರು, ಲಾಡ್ಜಿನಲ್ಲಿ ರೂಮಿಲ್ಲ. ಸೌಧದ ಹತ್ತಿರ ಸುವರ್ಣ ಗಾರ್ಡನ್, ಕೊಂಡಸಕೊಪ್ಪದ ಕಡೆ ಪ್ರತಿಭಟನೆಗೆ ಅಂತಲೇ ಟೆಂಟು ಹಾಕುತ್ತಾರೆ. ಇವತ್ತು ಇವರು, ನಾಳೆ ಅವರು. ಪಕ್ಕದ ಟೆಂಟಿನ ಮೈಕು ನಮ್ಮದಕ್ಕಿಂತ ಜೋರು ಅಂತ ಅಲ್ಲೂ ಜಗಳ. ಮಂತ್ರಿಯೊಬ್ಬರು ಬಂದು ಸಾಲಾಗಿ ಮನವಿ ತೆಗೆದುಕೊಳ್ಳುತ್ತಾ ಹೋಗುತ್ತಾರೆ, ಪಕ್ಕದವರು ಅದನ್ನು ಇಸಿದುಕೊಂಡು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಹೋದ ವರ್ಷ ನಾನೂ ಗೆಳತಿಯರ ಜೊತೆ ಹೋಗಿದ್ದೆ, ಹಾಸ್ಟೆಲ್ ನೀರಿನ ವಿಷಯಕ್ಕೆ. ಆ ಕಂಕುಳಲ್ಲಿ ನಮ್ಮ ಮನವಿಯೂ ಇತ್ತು. ನೀರು ಈಗಲೂ ದಿನ ಬಿಟ್ಟು ದಿನ ಬರುತ್ತದೆ. ಅವತ್ತು ಇನ್ವರ್ಡ್ ನಂಬರ್ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಹಾಗಾಗಿ ಬೈಸಿಕೊಳ್ಳುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಇಲ್ಲ ಅನ್ನಲ್ಲ.

ಆ ಸಲದ ಫ್ಲೆಕ್ಸ್ ಮಾತ್ರ ಉಪಯೋಗಕ್ಕೆ ಬಂದಿದೆ. ನಮ್ಮ ಹಾಸ್ಟೆಲಿನ ಬಚ್ಚಲ ಕಿಟಕಿಗೆ ಗಾಜಿಲ್ಲ, ಅದಕ್ಕೇ ಕಟ್ಟಿದ್ದೇವೆ. ನಾಯಕರ ಮುಖ ಇರುವ ಕಡೆಯನ್ನು ಹೊರಗೆ ಮಾಡಿ ಕಟ್ಟಿದ್ದೇವೆ, ಒಳಗೆ ಬೇಡ ಅಂತ. ಇದೇ ಊರಲ್ಲಿ 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷತೆ ವಹಿಸಿದ್ದು ಅದೊಂದೇ ಅಧಿವೇಶನಕ್ಕೆ. ಬರುವ ಜನಕ್ಕೆ ನೀರು ಬೇಕು ಅಂತ ಟಿಳಕವಾಡಿಯಲ್ಲಿ ಬಾವಿ ತೋಡಿದರು. ಕಾಂಗ್ರೆಸ್ ಬಾವಿ ಅಂತ ಇವತ್ತಿಗೂ ಇದೆ, ಹೋದರೆ ನೋಡಬಹುದು. ಅವರು ಬಾವಿ ಬಿಟ್ಟುಹೋದರು, ನಾವು ಬಚ್ಚಲ ಕಿಟಕಿಗೆ ಪರದೆ.

ಒಮ್ಮೊಮ್ಮೆ ಅನಿಸುತ್ತದೆ, ನಮ್ಮ ಪರವಾಗಿ ಕೇಳಲು ನಾವೇ ಆರಿಸಿದ ಒಬ್ಬರಾದರೂ ಇದ್ದಿದ್ದರೆ? 1989ರಲ್ಲಿ ಈ ದೇಶ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಸುಮಾರು ಅದೇ ಹೊತ್ತಿಗೆ ಕರ್ನಾಟಕದಲ್ಲಿ ಕ್ಯಾಂಪಸ್ ಚುನಾವಣೆಗಳು ನಿಂತವು. ಅಂದರೆ ಎಂಎಲ್‌ಎ ಯಾರಾಗಬೇಕು ಅಂತ ಹೇಳುವಷ್ಟು ಬುದ್ಧಿ ನಮಗೆ ಇದೆ, ಹಾಸ್ಟೆಲಿನ ನಲ್ಲಿ ಬಗ್ಗೆ ಯಾರು ಮಾತಾಡಬೇಕು ಅಂತ ಹೇಳುವಷ್ಟು ಇಲ್ಲ. ಗಲಾಟೆ, ಹೊಡೆದಾಟ ಆಗುತ್ತಿತ್ತು ಅಂತ ನಮ್ಮ ಸೋದರಮಾವ ಹೇಳುತ್ತಾರೆ. ಆಗುತ್ತಿರಬಹುದು. ಈಗ ಮತ್ತೆ ತರೋಣ ಅನ್ನುವ ಮಾತು ನಡೆದಿದೆ. ಬಂದರೆ ನಾನೇ ನಿಲ್ಲೋಣ ಅಂತ ಹುಮ್ಮಸ್ಸಿನಲ್ಲಿ ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ ನಿಯಮ ತೆಗೆದು ಓದಿದೆ, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು. ಖರ್ಚು 5,000 ರೂಪಾಯಿ ದಾಟಬಾರದು, ಹಾಜರಿ 75 ಪರ್ಸೆಂಟ್ ಇರಬೇಕು, ಎಲ್ಲ ಸರಿ. ಮುಂದೆ ನೋಡಿದರೆ, ಬಾಕಿ ವಿಷಯ ಇರುವವರು ನಿಲ್ಲುವಂತಿಲ್ಲ. ಆ ‘ಆಬ್ಸೆಂಟ್’ ನನ್ನನ್ನು ಅಲ್ಲಿಯೂ ಬಿಡಲಿಲ್ಲ!

ಸೋಮವಾರ ಹೋದೆ. ಮೊದಲು ಟಪಾಲು ವಿಭಾಗ. ಅಲ್ಲಿದ್ದ ಮೇಡಂ ಅರ್ಜಿ ನೋಡಿ "ಸೀದಾ ಪರೀಕ್ಷಾ ವಿಭಾಗಕ್ಕ ಕೊಡ್ರಿ" ಅಂದರು. "ಇಲ್ರಿ ಮೇಡಂ, ನಂಬರ್ ಬೇಕ್ರಿ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ರಿಜಿಸ್ಟರ್ ತೆಗೆದು ಬರೆದು ಟಪ್ ಅಂತ ಸೀಲು ಹೊಡೆದರು. ಶಾಯಿ ಕಡಿಮೆಯಾಗಿ ಸೀಲಿನ ಅರ್ಧ ಮೂಡಲಿಲ್ಲ, ಇನ್ನೊಮ್ಮೆ ಹೊಡೆಸಿಕೊಂಡೆ. ಈಗ ನನ್ನ ಪ್ರತಿಯ ಮೇಲೆ ನಂಬರ್ ಇದೆ. ಅಂಕ ಇನ್ನೂ ಬಂದಿಲ್ಲ. ಪರೀಕ್ಷಾ ವಿಭಾಗದವರು "ನೋಡ್ತೀವ್ರಿ" ಅಂದಿದ್ದಾರೆ. ಆದರೆ ಈ ಸಲ ಹೇಳುವಾಗ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಮೊದಲ ನಾಲ್ಕು ಸಲ ಯಾರೂ ಪೆನ್ನು ಮುಟ್ಟಿರಲಿಲ್ಲ.

ತಿಂಗಳೊಳಗೆ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳೋದು ಅಂತ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಇಟ್ಟುಕೊಂಡಿದ್ದೇನೆ. ನನ್ನದೊಂದೇ ಅಲ್ಲ, ಅಂಕಪಟ್ಟಿ ತಿದ್ದುಪಡಿ ಬಗ್ಗೆ ಈ ವರ್ಷ ಎಷ್ಟು ಮನವಿ ಇನ್ವರ್ಡ್ ಆಗಿವೆ, ಅವುಗಳ ಮೇಲೆ ಏನು ಕ್ರಮ ಅಂತಲೂ ಕೇಳುತ್ತೇನೆ. ಉತ್ತರ ಏನು ಬರುತ್ತದೆ ಅಂತ ಕಾಕಾ ಈಗಲೇ ಹೇಳಿಬಿಟ್ಟಿದ್ದಾರೆ, ಆದರೂ ಬರಹದಲ್ಲಿ ಬೇಕು. ಕರ್ನಾಟಕದಲ್ಲಿ ಆ ಅರ್ಜಿ 150 ಪದ ದಾಟಬಾರದು ಅನ್ನುವ ನಿಯಮ ಬೇರೆ ಇದೆ. ನನ್ನ ಸಿಟ್ಟು ಅದರಲ್ಲಿ ಹಿಡಿಸಲ್ಲ, ಅದಕ್ಕೇ ಮಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ಬರೆಯುವಾಗಲೇ ಬಿಳಿ ಶರ್ಟಿನವರ ಕಡೆಯ ಹುಡುಗನ ಫೋನ್ ಬಂತು.

"ಅಕ್ಕಾರ, ಗುರುವಾರ ಮತ್ತ ಹೋರಾಟ ಐತ್ರಿ. ಹುಡುಗ್ಯಾರು ಕಡಿಮಿ ಅದಾರ, ಮುಂದ ನಿಲ್ಲಾಕ ನಾಕ ಮಂದಿ ಕರ್ಕೊಂಡ ಬರ್ರಿ."

"ಬರ್ತೀನಿ. ಎಲ್ಲಾರ ರಿಜಿಸ್ಟರ್ ನಂಬರ್ ಪಟ್ಟಿನೂ ನಾನ ಮಾಡ್ಕೊಂಡ ಬರ್ತೀನಿ. ಮನವಿಗೆ ಇನ್ವರ್ಡ್ ನಂಬರ್ ಹಾಕಿಸೂದು ಮಾತ್ರ ನಿಮ್ಮ ಜವಾಬ್ದಾರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅದನ್ನ ಎಲ್ಲಿ ಹಾಕ್ತಾರ್ರಿ ಅಕ್ಕಾರ?"