ಚಪ್ಪಲಿ ಕಾಯುವವನು ಬೆಟ್ಟ ಹತ್ತಿದ್ದು

ಏಳನೇ ಕ್ಲಾಸಿನಲ್ಲೇ ನನಗೊಂದು ಹುದ್ದೆ ಸಿಕ್ಕಿತ್ತು. ಪಿ.ಟಿ. ಪೀರಿಯಡ್ಡು. ಎಲ್ಲರೂ ಕಬಡ್ಡಿ, ಖೊಖೊ ಅಂತ ಮೈದಾನಕ್ಕೆ ನುಗ್ಗಿದ್ದರು. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ನೀನು ಇವರ ಚಪ್ಪಲಿ ನೋಡ್ಕೊಂಡು ಕೂತಿರು" ಅಂದರು. ಬೇವಿನ ಮರದ ಕೆಳಗೆ ಮೂವತ್ತೆಂಟು ಜೊತೆ ಚಪ್ಪಲಿ ಮತ್ತು ನಾನು. ಮೇಷ್ಟ್ರು ಆವತ್ತಿನ ಮಟ್ಟಿಗೆ ಹೇಳಿದ್ದಿರಬೇಕು. ನಾನು ಅದನ್ನು ಖಾಯಂ ನೇಮಕಾತಿ ಅಂದುಕೊಂಡು ಮೂವತ್ತೈದು ವರ್ಷ ಸೇವೆ ಸಲ್ಲಿಸಿದೆ.

ಆಫೀಸಿನ ಕ್ರಿಕೆಟ್ ಮ್ಯಾಚಿನಲ್ಲಿ ಸ್ಕೋರ್ ಬರೆದೆ. ಹೆಂಡತಿಯ ತವರಿನವರೆಲ್ಲ ಟ್ರೆಕ್ಕಿಂಗ್ ಹೋದಾಗ ಕೆಳಗೆ ವ್ಯಾನಿನಲ್ಲಿ ಕೂತು ಬ್ಯಾಗುಗಳನ್ನೂ ಚಿತ್ರಾನ್ನದ ಡಬ್ಬಿಯನ್ನೂ ಕಾದೆ. ಬ್ಯಾಗುಗಳು ಸುರಕ್ಷಿತವಾಗಿದ್ದವು. "ನಮ್ಮ ವಂಶವೇ ಹಾಗೆ, ಓಡಾಡೋ ಮೈಯಲ್ಲ" ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ನಮ್ಮ ತಾತ ಎಪ್ಪತ್ತು ದಾಟಿದ ಮೇಲೂ ತೆಂಗಿನ ಮರ ಹತ್ತುತ್ತಿದ್ದರು. ಆ ಭಾಗ ಮಾತ್ರ ಹೇಳುತ್ತಿರಲಿಲ್ಲ.

ಹೋದ ವರ್ಷ ಡಾಕ್ಟರು ರಿಪೋರ್ಟ್ ನೋಡಿ, "ಶುಗರ್ ಬಾಗಿಲಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ. ನಡೀರಿ" ಅಂದರು. ಮಗ ಕೈಗೆ ಒಂದು ವಾಚು ಕಟ್ಟಿದ. ದಿನಕ್ಕೆ 10,000 ಹೆಜ್ಜೆ ಹಾಕಬೇಕಂತೆ. ಮೊದಲ ದಿನ 2,140 ಆಯಿತು. ಅದರಲ್ಲಿ ಇನ್ನೂರು ತೆಂಗಿನಕಾಯಿ ತುರಿದದ್ದಕ್ಕೆ ಬಂದದ್ದು. ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಹುಡುಕಿದರೆ, 1965ರಲ್ಲಿ ಜಪಾನಿನವರು ಮಾರಾಟಕ್ಕೆ ತಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ! ಮಾನ್ಪೋ-ಕೇ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಯಾರೋ ವ್ಯಾಪಾರಕ್ಕೆ ಇಟ್ಟ ಹೆಸರಿಗೆ ನಾನ್ಯಾಕೆ ಬೆವರು ಸುರಿಸಲಿ? ಆಮೇಲೆ ಮಗನ ಮುಖ ನೋಡಿ, ಒಂದು ಸೊನ್ನೆ ಕಡಿಮೆ ಮಾಡಿ ರಾಜಿಗೆ ಬಂದೆ. ಸಾವಿರ. ಚಾಮುಂಡಿ ಬೆಟ್ಟದ ಮೆಟ್ಟಿಲು.

ಹುಟ್ಟಿ ಬೆಳೆದದ್ದು ಮೈಸೂರಲ್ಲೇ. ಬೆಟ್ಟಕ್ಕೆ ಅದೆಷ್ಟು ಸಲ ಹೋಗಿದ್ದೇನೋ, ಲೆಕ್ಕವಿಲ್ಲ. ಎಲ್ಲವೂ 201ನೇ ನಂಬರ್ ಬಸ್ಸಿನ ಪುಣ್ಯ. ನೆಂಟರು ಬಂದಾಗ, "ಮೆಟ್ಟಿಲನ್ನು ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು, ಹದಿನೇಳನೇ ಶತಮಾನ" ಅಂತ ಕಿಟಕಿ ಪಕ್ಕ ಕೂತೇ ವಿವರಿಸುತ್ತಿದ್ದೆ.

ಮೊದಲ ಸಲ ಪಾದದ ಹತ್ತಿರ ಹೋದಾಗ ನಾಲ್ಕೂವರೆ ಸಾವಿರದ ಹೊಸ ಶೂ ಹಾಕಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗರು. ಅವರ ಮುಂದೆ ಮರ್ಯಾದೆ ಪ್ರಶ್ನೆ ಅಲ್ವಾ? ಐವತ್ತು ಮೆಟ್ಟಿಲು ಓಡಿದೆ. ವ್ಯಾಯಾಮ ಮಾಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆಗ ವೇಗ ಹದವಾಗಿದೆ ಅಂತ ಡಾಕ್ಟರು ಹೇಳಿದ್ದರು. ನಾನು ನೂರನೇ ಮೆಟ್ಟಿಲಲ್ಲಿ "ನೀರು" ಅನ್ನುವುದನ್ನು ಎರಡು ಕಂತಿನಲ್ಲಿ ಹೇಳಿದೆ. ಇನ್ನೂರ ನಲವತ್ತಕ್ಕೆ ವಾಪಸ್.

ಎರಡನೇ ಸಲ ಹಟಕ್ಕೆ ಬಿದ್ದು ನಂದಿಯವರೆಗೆ ಹೋದೆ. ಅದು ಸುಮಾರು 700ನೇ ಮೆಟ್ಟಿಲ ಹತ್ತಿರ. ಹದಿನೈದು ಅಡಿ ಎತ್ತರದ ಬಸವಣ್ಣ ಆರಾಮಾಗಿ ಮಲಗಿದ್ದ. ಅವನನ್ನು ನೋಡಿ ನನಗೂ ಹಾಗೇ ಅನ್ನಿಸಿತು. ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿ, ಗೆದ್ದವನ ಹಾಗೆ ಮೆಟ್ಟಿಲಲ್ಲೇ ಇಳಿದು ಬಂದೆ.

ಹತ್ತಿದ್ದಕ್ಕಿಂತ ಇಳಿದದ್ದೇ ತಪ್ಪು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸವಿಲ್ಲದಿದ್ದರೆ ಅದು ಸಿಟ್ಟು ಮಾಡಿಕೊಳ್ಳುತ್ತದೆ. ಸಿಟ್ಟೂ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಮೂರನೇ ದಿನ ಬೆಳಿಗ್ಗೆ ನನಗೆ ಕೂರಲು ಬರುತ್ತಿರಲಿಲ್ಲ, ಕೂತರೆ ಏಳಲು ಬರುತ್ತಿರಲಿಲ್ಲ. ನಮ್ಮ ಮನೆಯದು ಹಳೇ ಪದ್ಧತಿಯ ಕಕ್ಕಸು. ಇದಕ್ಕಿಂತ ಹೆಚ್ಚಿನ ವಿವರ ಬೇಡ. ಬಾಗಿಲಾಚೆ ನಿಂತು ಹೆಂಡತಿ "ಕೈ ಕೊಡ್ಲೇನ್ರೀ?" ಅಂತ ಎರಡು ಸಲ ಕೇಳಿದಳು ಅಂತ ಮಾತ್ರ ಹೇಳುತ್ತೇನೆ.

"ನೋಡಿದ್ಯಾ? ಈ ಮೈಗೆ ಇದೆಲ್ಲ ಆಗಲ್ಲ" ಅಂದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಗಿತ್ತು. ಸೋತರೆ ಹಳೇ ಹುದ್ದೆ ಇದ್ದೇ ಇದೆ.

"ಮೈಗಲ್ಲ, ತೊಡೆಗೆ. ಇನ್ನೆರಡು ದಿನಕ್ಕೆ ಸರಿಹೋಗತ್ತೆ" ಅಂದಳು. ಸರಿಹೋಯಿತು. ನೆಪ ಇಲ್ಲದ ಹಾಗಾಯಿತು.

ಮೂರನೇ ಸಲ ಎಂಬತ್ತನೇ ಮೆಟ್ಟಿಲಲ್ಲಿ ಕೂತಿದ್ದಾಗ ಕೆಳಗಿನಿಂದ ಒಬ್ಬರು ಹೆಂಗಸು ಬಂದರು. ಅರವತ್ತೈದು ದಾಟಿರಬೇಕು. ಬರಿಗಾಲು, ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಅರಿಶಿನ ಕುಂಕುಮದ ಎರಡು ಬಟ್ಟಲು. ಪ್ರತಿ ಮೆಟ್ಟಿಲಿಗೂ ಬಗ್ಗುವುದು, ಹಚ್ಚುವುದು, ಏಳುವುದು. ನನ್ನ ಮೆಟ್ಟಿಲಿಗೆ ಬಂದಾಗ ಸರಿಯಬೇಕಾಯಿತು.

"ಒಬ್ಬನೇ ಬಂದಿದ್ದೀಯೇನಪ್ಪ? ಈ ಬಟ್ಲು ಒಸಿ ಇಡ್ಕೊ. ಸೊಂಟ ಇಡ್ಕಂಡದೆ."

ಹಿಡಿದುಕೊಂಡೆ. ವಸ್ತು ಕಾಯುವುದರಲ್ಲಿ ನನಗೆ ಅನುಭವವಿದೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. "ಕುಂಕುಮ ನೀನೇ ಇಡು ಮತ್ತೆ. ಬೂಟ್ಸ್ ಬಿಚ್ಚಪ್ಪ, ಬೂಟ್ಸ್ ಹಾಕ್ಕಂಡು ಇಡ್ತಾರಾ?" ಅಂದರು. ನಾಲ್ಕೂವರೆ ಸಾವಿರದ ಶೂ ಲೇಸು ಗಂಟು ಹಾಕಿಸಿಕೊಂಡು ನನ್ನ ಕುತ್ತಿಗೆಗೆ ಬಿತ್ತು. ಅವರು ಅರಿಶಿನ, ಹಿಂದೆ ನಾನು ಕುಂಕುಮ.

ಅಭ್ಯಾಸಬಲದಿಂದ "ತೊಂಬತ್ತಾರು, ತೊಂಬತ್ತೇಳು" ಅನ್ನುತ್ತಿದ್ದೆ. ಅವರು ತಿರುಗಿ ನೋಡಿದರು. "ನೀ ಎಣಿಸಬ್ಯಾಡ, ನಂದು ತಪ್ಪೋಯ್ತದೆ." ಅವರದು ನೂರಕ್ಕೊಂದು ಕರ್ಪೂರ ಹಚ್ಚುವ ಹರಕೆ. ಮೊಮ್ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಗಣಿತದಲ್ಲಿ 36. ಆಗ ಪಾಸಿಗೆ 35 ಬೇಕಿತ್ತು. "ಒಂದು ಜಾಸ್ತೀನೇ ಕೊಟ್ಟವ್ಳೆ ತಾಯಿ" ಅಂದರು.

ಕರ್ಪೂರ ಉರಿದು ಆರುವವರೆಗೆ ನಿಲ್ಲುತ್ತಿದ್ದೆವು. ಅಷ್ಟರಲ್ಲಿ ನನ್ನ ಉಸಿರು ಊರಿಗೆ ವಾಪಸ್ ಬರುತ್ತಿತ್ತು. ಎಣಿಸುವುದು ನಿಂತಿತ್ತು, ಓಡುವುದಂತೂ ಇಲ್ಲ. ಮೆಟ್ಟಿಲ ಅಂಚಿನ ಹಳೇ ಕುಂಕುಮದ ಗುರುತಿನ ಮೇಲೇ ಬೆರಳು ಸರಿಯಾಗಿ ಕೂರಿಸುವುದೊಂದೇ ಕೆಲಸ. ಅದರಲ್ಲಿ ಎಷ್ಟು ಮುಳುಗಿದ್ದೆ ಎಂದರೆ, "ಬಸವಣ್ಣಂಗೆ ಕೈ ಮುಗಿ" ಅಂದಾಗಲೇ ನಂದಿ ಬಂದದ್ದು ಗೊತ್ತಾದದ್ದು. ಅಲ್ಲಿ ರಸ್ತೆಯಲ್ಲಿ ಆಟೋ ನಿಂತಿತ್ತು. ಡ್ರೈವರು ನನ್ನ ಕಡೆ ಆಸೆಯಿಂದ ನೋಡಿದ. ಬಟ್ಟಲು ನನ್ನ ಕೈಯಲ್ಲಿತ್ತು, ಏನು ಮಾಡಲಿ?

ದಾರಿಯುದ್ದಕ್ಕೂ ಅದೇ ಕೈಯಲ್ಲಿ ಬೆವರು ಒರೆಸಿಕೊಂಡಿದ್ದೇನೆ ಅನ್ನುವುದು ಮರೆತೇ ಹೋಗಿತ್ತು. ಮೇಲಿನಿಂದ ಇಳಿಯುತ್ತಿದ್ದವರು ಯಾಕೋ ತುಂಬಾ ವಿನಯದಿಂದ ದಾರಿ ಬಿಡುತ್ತಿದ್ದರು. ಒಬ್ಬ ಹುಡುಗ ಕೈಯನ್ನೂ ಮುಗಿದ. ಮೇಲೆ ಹೋಗಿ ಫೋನಿನಲ್ಲಿ ಮುಖ ನೋಡಿಕೊಂಡಾಗ ಅರ್ಥವಾಯಿತು. ಕಿವಿಯಿಂದ ಕಿವಿಗೆ ಕೆಂಪು. ಫೋಟೋ ಕಳಿಸಿದ್ದಕ್ಕೆ ಹೆಂಡತಿ, "ಎಲ್ಲಿ ಬಿದ್ರಿ?" ಅಂತ ಫೋನ್ ಮಾಡಿದಳು.

"ಬಿದ್ದಿಲ್ಲ ಕಣೇ. ಮೇಲೆ ಬಂದಿದ್ದೀನಿ."

"ಬಸ್ಸಲ್ಲಾ?"

ಎರಡೂವರೆ ಗಂಟೆ ಹಿಡಿದಿತ್ತು. ಗೋಪುರದ ಮುಂದೆ ನಿಂತು ಇನ್ನೇನು ಸ್ವಲ್ಪ ಹೆಮ್ಮೆಪಡಬೇಕು, ಅಷ್ಟರಲ್ಲಿ ಆಯಮ್ಮ ಚೀಲದಿಂದ ತಮ್ಮ ಹವಾಯಿ ಚಪ್ಪಲಿ ತೆಗೆದು ನನ್ನ ಕಾಲ ಬಳಿ ಇಟ್ಟರು. ಪಕ್ಕದಲ್ಲೇ ನನ್ನ ಶೂವನ್ನೂ ಜೋಡಿಸಿದರು.

"ನಾ ಮೊದ್ಲು ದರ್ಸನ ಮಾಡ್ಕಂಡು ಬತ್ತೀನಿ. ಆಮೇಕೆ ನೀ ಹೋಗು. ಒಸಿ ನೋಡ್ಕಂಡಿರಪ್ಪ."

ಕಟ್ಟೆಯ ಮೇಲೆ ಕೂತೆ. ಐದು ನಿಮಿಷವಾಗಿರಬೇಕು, ಬಸ್ಸಿಳಿದು ಬಂದ ಒಂದು ಸಂಸಾರ ನನ್ನೆದುರು ಸಾಲಾಗಿ ಚಪ್ಪಲಿ ಬಿಟ್ಟಿತು. ಯಜಮಾನರು ನನ್ನ ಕೆಂಪು ಮುಖ ನೋಡಿ ಒಂದು ಕ್ಷಣ ತಡೆದು, ಜೇಬಿಗೆ ಕೈ ಹಾಕಿದರು.

"ಜೊತೆಗೆ ಎಷ್ಟು ಸ್ವಾಮಿ?"

ಐದು ಜೊತೆ ಇತ್ತು. "ಫ್ರೀ, ಹೋಗ್ಬನ್ನಿ" ಅಂದೆ.