'ಇನ್‌ಸೈಡರ್' ಅಂದರೆ ಕಂಪನಿಯ ನೌಕರ ಮಾತ್ರ ಅಲ್ಲ

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಇನ್‌ಸೈಡರ್ ಟ್ರೇಡಿಂಗ್ ಬಗ್ಗೆ, ಅಂದರೆ ಕಂಪನಿಯ ಹೊರಬೀಳದ ಮಾಹಿತಿ ಹಿಡಿದು ಷೇರು ಕೊಳ್ಳುವ-ಮಾರುವುದರ ಬಗ್ಗೆ, ಒಂದು ಮೆಸೇಜ್ ಓಡಾಡುತ್ತಿದೆ. 'ಇನ್‌ಸೈಡರ್ ಟ್ರೇಡಿಂಗ್ ಕಾನೂನು ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಮಾತ್ರ. ಗೆಳೆಯ ಹೇಳಿದ್ದು ಕೇಳಿ ಷೇರು ಕೊಂಡರೆ ತಪ್ಪೇನಿಲ್ಲ' ಎಂದು. ಇದು ತಪ್ಪು.

ಗೊಂದಲ ಹುಟ್ಟುವುದೇ ಪದದಿಂದ. ಕನ್ನಡದಲ್ಲಿ 'ಒಳಗಿನವರು' ಅಂದರೆ ಅಲ್ಲೇ ಇರುವವರು, ಅಲ್ವಾ? ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮದಲ್ಲಿ ಅರ್ಥ ಬೇರೆ. ಷೇರಿನ ಬೆಲೆ ಏರಿಳಿಸಬಲ್ಲ, ಇನ್ನೂ ಹೊರಬೀಳದ ಮಾಹಿತಿ ಯಾರ ಕೈಯಲ್ಲಿದೆಯೋ ಅವರೆಲ್ಲರೂ ಇನ್‌ಸೈಡರ್. ಎಲೆಕ್ಟ್ರಾನಿಕ್ಸ್ ಸಿಟಿಯ ಟೆಕ್ಕಿ ಕಾಫಿ ಕುಡಿಯುತ್ತಾ ತ್ರೈಮಾಸಿಕ ಲಾಭದ ಲೆಕ್ಕ ಬಾಯಿಬಿಟ್ಟರೆ, ಕೇಳಿಸಿಕೊಂಡ ಭಾವಮೈದುನನೂ ಇನ್‌ಸೈಡರ್. ಹೇಳಿದ್ದೂ ತಪ್ಪು, ಕೇಳಿ ಕೊಂಡಿದ್ದೂ ತಪ್ಪು. ನನಗನ್ನಿಸುವಂತೆ 'ಒಳಗುಟ್ಟು ಬಲ್ಲವರು' ಎಂಬುದೇ ಇದಕ್ಕೆ ಸರಿಯಾದ ಕನ್ನಡ.

ಕೆಲಸ ಬಿಟ್ಟವರೂ ಈ ನಿಯಮದ ಪ್ರಕಾರ 6 ತಿಂಗಳವರೆಗೆ ಕಂಪನಿಗೆ ಸಂಬಂಧಪಟ್ಟವರೇ, ಅಂದರೆ ಅವರೂ ಇನ್‌ಸೈಡರ್.

ದಂಡ ಸಣ್ಣದಲ್ಲ. ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಜಾಸ್ತಿಯೋ ಅದು. ದಯವಿಟ್ಟು ಆ ಮೆಸೇಜನ್ನು ಸುಮ್ನೆ ಮುಂದೆ ಕಳಿಸಬೇಡಿ.