ಒಂದೇ ಪದ 50 ಸಲ ಬರೆದರೆ ಗೂಗಲ್‌ನಲ್ಲಿ ಮೊದಲು ಬರ್ತೀವಾ?

‘ವೆಬ್‌ಸೈಟಿನಲ್ಲಿ ಬೆಂಗಳೂರು ಬೆಸ್ಟ್ ಕೇಟರಿಂಗ್ ಅಂತ 50 ಸಲ ಬರೆಯಿರಿ, ಗೂಗಲ್‌ನಲ್ಲಿ ನೀವೇ ಮೊದಲು.’ ವಾಟ್ಸಾಪ್‌ನಲ್ಲಿ ಹೀಗೊಂದು ಸಂದೇಶ ಓಡಾಡುತ್ತಿದೆ. ಇದು ಸುಳ್ಳು.

ಹಾಗಂತ ಪದಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಜನ ಹುಡುಕುವ ಮಾತು ಪುಟದಲ್ಲಿ ಇದ್ದರೆ ಒಳ್ಳೆಯದು. ನೀವು ಬಸವನಗುಡಿಯ ಗಾಂಧಿ ಬಜಾರಿನ ಹತ್ತಿರ ಅಡುಗೆ ಕಾಂಟ್ರ್ಯಾಕ್ಟ್ ಮಾಡುವವರು ಅಂದುಕೊಳ್ಳಿ. ಪುಟದ ಶೀರ್ಷಿಕೆಯಲ್ಲಿ ಸುಮ್ನೆ ‘ಸುಸ್ವಾಗತ’ ಅಂತಿದ್ದರೆ ಗೂಗಲ್‌ಗೆ ಏನು ಗೊತ್ತಾಗಬೇಕು? ‘ಬಸವನಗುಡಿಯಲ್ಲಿ ಗೃಹಪ್ರವೇಶದ ಊಟ, 100 ಎಲೆಯಿಂದ ಶುರು’ ಅಂತ ಒಂದು ಸಲ ಬರೆಯಿರಿ, ಸಾಕು. ಕೆಳಗೆ ಮೆನು, ಎಲೆಗೆ ಎಷ್ಟು, ಯಾವ ಯಾವ ಬಡಾವಣೆಗೆ ಬರುತ್ತೀರಿ ಅಂತ ಹಾಕಿ. ಓದುವವರಿಗೂ ಬೇಕಿರೋದು ಅದೇ ಅಲ್ವಾ?

ಒಂದೇ ಪದವನ್ನು ತುರುಕಿದರೆ, ಇಲ್ಲವೇ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟರೆ (ಇದು ಹಳೇ ಚಾಳಿ), ಗೂಗಲ್ ಅದನ್ನು ಸ್ಪ್ಯಾಮ್ (ಮೋಸದ ಕಸರತ್ತು) ಅಂತ ಎಣಿಸುತ್ತದೆ. ಪುಟ ಕೆಳಗೆ ಜಾರಬಹುದು, ಕಾಣಿಸದೆಯೂ ಹೋಗಬಹುದು.

ಇನ್ನು ‘ಕೀವರ್ಡ್ಸ್ ಮೆಟಾ ಟ್ಯಾಗ್’ (ಓದುವವರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ) ತುಂಬಿಕೊಡ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರ‍್ಯಾಂಕಿಂಗ್‌ಗೆ (ಯಾವ ಪುಟ ಮೇಲೆ ಬರಬೇಕು ಅನ್ನೋ ಲೆಕ್ಕಕ್ಕೆ) ಆ ಟ್ಯಾಗ್ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.